ಗಣಪ್ಪ ಕರಗಿದ ಮಣ್ಣು, ಮುಂದಿನ ವರ್ಷದ ಎತ್ತು

ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಜೂನ್ ಎರಡನೇ ವಾರ ದಾಟಿತೆಂದರೆ ನಮ್ಮ ಕುಂಬಾರರಲ್ಲಿ ಆವಿಗೆ, ಅಂದರೆ ಗಡಿಗೆ ಸುಡುವ ಗೂಡು, ಹೊತ್ತಿಸುವುದಿಲ್ಲ. ಕಟ್ಟಿಗೆ ತೊಯ್ದಿರುತ್ತದೆ, ಕುಳ್ಳು ಬೂಸರು ಹಿಡಿದಿರುತ್ತವೆ, ಮಾಡಿಟ್ಟ ಗಡಿಗೆ ವಾರವಾದರೂ ಒಣಗುವುದಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲ್ಲೂಕಿನದು. ಇಲ್ಲಿ ಮಳೆಗಾಲವೆಂದರೆ ಗೋಡೆಗಳೂ ಬೆವರುತ್ತವೆ. ಹಾಗಾದರೆ ನಾಲ್ಕು ತಿಂಗಳು ಕುಂಬಾರರು ಏನು ಮಾಡುತ್ತೀರಿ ಎಂದು ಹೊಸಬರು ಕೇಳುತ್ತಾರೆ. ಪಂಚಾಂಗ ತೆಗೆದರೆ ಗೊತ್ತಾಗುತ್ತದೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ್ಪ, ಅದೇ ತಿಂಗಳ ಅಷ್ಟಮಿಗೆ ಜೋಕಮಾರ. ಐದೂ ಹಸಿಮಣ್ಣಿನ ಮೂರ್ತಿಗಳು, ಒಂದನ್ನೂ ಸುಡುವುದಿಲ್ಲ. ಮಳೆ ನಿಂತು ನವರಾತ್ರಿ ಬಂದರೆ ಘಟ, ದೀಪಾವಳಿಗೆ ಪಣತಿ, ಲಗ್ನದ ಸುಗ್ಗಿಗೆ ಐರಣಿಯ ಮದುವೆ ಗಡಿಗೆ, ಬೇಸಿಗೆಗೆ ನೀರಿನ ಹರವಿ ಮತ್ತು ರಂಜಣಗಿ. ಇವೆಲ್ಲ ಸುಟ್ಟ ಮಾಲು. ಹಬ್ಬ ಗೊತ್ತುಮಾಡಿದವರು ಕುಂಬಾರರ ಹಿತ್ತಲಲ್ಲಿ ನಿಂತು ಆವಿಗೆ ನೋಡಿಕೊಂಡೇ ಮಾಡಿದ್ದಾರೇನೋ ಎನ್ನುವಷ್ಟು ಸರಿಹೊಂದುತ್ತದೆ.

ಎರಡು ಬಗೆಯ ಮಾಲಿಗೆ ಎರಡು ಬಗೆಯ ಮಣ್ಣು, ಮಣ್ಣು ನೆನೆಸಲು ಎರಡು ಕುಣಿ. ಇದನ್ನು ಮರೆತವರ ಮಾಲು ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ. ಮೊದಲು ಸುಡುವ ಮಣ್ಣು.

ಮಣ್ಣು ತರುವುದು ಮಾರ್ಚ್ ಕೊನೆಯಿಂದ ಮೇ ತನಕ, ಕೆರೆಯ ತಳ ಕಂಡಾಗ. ಮೇಲಿನ ಒಂದೂವರೆ ಅಡಿಯಲ್ಲಿ ಬೇರು, ಕಸ, ಗೊಬ್ಬರ ಇರುತ್ತದೆ. ಅದನ್ನು ಸರಿಸಿ ಕೆಳಗಿನ ಜಿಗುಟು ಪದರ ತೆಗೆಯಬೇಕು. ಅಲ್ಲೇ ಒಂದು ಪರೀಕ್ಷೆ ಮಾಡುತ್ತೇವೆ. ಒಂದು ಹಿಡಿ ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಕಿರುಬೆರಳಿನ ದಪ್ಪಕ್ಕೆ ಹೊಸೆದು, ಹೆಬ್ಬೆರಳಿಗೆ ಸುತ್ತಬೇಕು. ಬಿರುಕಿಲ್ಲದೆ ಸುತ್ತಿಕೊಂಡರೆ ತಿಗರಿಗೆ, ಅಂದರೆ ಕುಂಬಾರನ ಚಕ್ರಕ್ಕೆ, ಏಳುವ ಮಣ್ಣು. ತುಂಡಾದರೆ ಮರಳು ಜಾಸ್ತಿ. ಬೆರಳಿಗೆ ಮೇಣದ ಹಾಗೆ ಅಂಟಿಕೊಂಡು ಬಿಡದಿದ್ದರೆ ಅದು ಯರಿಯ, ಅಂದರೆ ಕಪ್ಪು ಮಣ್ಣಿನ, ಗುಣ. ತಿಗರಿಯ ಮೇಲೆ ಚೆಂದ ಏಳುತ್ತದೆ, ಒಣಗುವಾಗ ಕೈಕೊಡುತ್ತದೆ.

ಎರಡನೇ ಪರೀಕ್ಷೆಗೆ ಒಂದು ದಿನ ಸಾಲದು, ಆದರೆ ಹೊಸ ಜಾಗದ ಮಣ್ಣಿಗೆ ಅದನ್ನು ಬಿಡಬಾರದು. ಹಸಿಮಣ್ಣಿನ ಪಟ್ಟಿ ಮಾಡಿ, ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೀಟು ಎಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ಅಳೆಯಬೇಕು. 9.2 ಅಥವಾ 9.3 ಇದ್ದರೆ ನಿಶ್ಚಿಂತೆ. 9ಕ್ಕಿಂತ ಕಡಿಮೆಯಾಯಿತೆಂದರೆ ಮಣ್ಣು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕುಗ್ಗಿದೆ ಎಂದರ್ಥ. ದೊಡ್ಡ ಹರವಿ ಆ ಮಣ್ಣಿನಲ್ಲಿ ಉಳಿಯುವುದಿಲ್ಲ. ಮರಳನ್ನೋ ಕೆಂಪು ಮಸಾರಿ ಮಣ್ಣನ್ನೋ ಸೇರಿಸಿ ಮತ್ತೆ ಪಟ್ಟಿ ಮಾಡಿ ನೋಡಬೇಕು.

ಬಾಗಲಕೋಟೆ, ವಿಜಯಪುರದ ಕಡೆಯ ಕುಂಬಾರರಿಗೆ ಇದಕ್ಕಿಂತ ದೊಡ್ಡ ಕಾಟ ಸುಣ್ಣದ ಹರಳು. ಯರಿಹೊಲದ ನೀರು ಹರಿದು ಬರುವ ಕೆರೆ, ಹಳ್ಳಗಳ ಮಣ್ಣಿನಲ್ಲಿ ಜೋಳದ ಕಾಳಿನಷ್ಟು, ಕಡಲೆಯಷ್ಟು ಬಿಳಿ ಹರಳು ಇರುತ್ತವೆ. ಹಸಿಯಿದ್ದಾಗ ಏನೂ ಮಾಡುವುದಿಲ್ಲ. ಆವಿಗೆಯಲ್ಲಿ ಬೆಂದು ಸುಟ್ಟ ಸುಣ್ಣವಾಗುತ್ತವೆ. ಗಡಿಗೆ ಕೆಂಪಗೆ, ಗಟ್ಟಿಯಾಗಿ, ಚೆಂದ ಹೊರಬರುತ್ತದೆ. ನಾಲ್ಕು ದಿನವೋ ಹದಿನೈದು ದಿನವೋ ಬಿಟ್ಟು, ಗಾಳಿಯ ತೇವ ಕುಡಿದ ಆ ಹರಳು ಉಬ್ಬಿ, ಗಡಿಗೆಯ ಮೈಯಿಂದ ಎಂಟಾಣೆಯಷ್ಟು ಚಕ್ಕೆ ಎಗರಿಸುತ್ತದೆ. ಗುಂಡಿಯ ನಡುವೆ ನೋಡಿದರೆ ಒಂದು ಬಿಳಿ ಚುಕ್ಕೆ. ಗಿರಾಕಿ ಮನೆಗೆ ಒಯ್ದ ಮೇಲೆ ಇದಾಗುವುದರಿಂದ ಹೆಸರು ಕೆಡುವುದು ಕುಂಬಾರನದೇ. ಅನುಮಾನವಿದ್ದರೆ ಒಣ ಮಣ್ಣಿನ ಮೇಲೆ ಲಿಂಬೆ ಹಿಂಡಿ ನೋಡಬಹುದು, ಬುರುಗು ಬಂದರೆ ಸುಣ್ಣವಿದೆ. ಉಪಾಯವೆಂದರೆ ಮಣ್ಣನ್ನು ನೀರಾಗಿ ಕದಡಿ, ಇಂಚಿಗೆ 40 ಕಣ್ಣಿನ ಜಾಲರಿಯಲ್ಲಿ ಸೋಸುವುದು. ಅದರಿಂದ ಪಾರಾಗುವಷ್ಟು ಸಣ್ಣ ಸುಣ್ಣ ಚಕ್ಕೆ ಎಬ್ಬಿಸಲಾರದು. ಸೋಸಿದ ಮೇಲೂ ಭಯವಿದ್ದರೆ ಆವಿಗೆಯಿಂದ ತೆಗೆದ ದಿನವೇ ಮಾಲನ್ನು ತೊಟ್ಟಿಯ ನೀರಿನಲ್ಲಿ ಪೂರ್ತಿ ಮುಳುಗಿಸಿ ಎರಡು ಮೂರು ತಾಸು ಬಿಡಬೇಕು. ಆಗ ಸುಣ್ಣ ಮೆತ್ತಗೆ ಕಲಸಿದ ಸುಣ್ಣವಾಗಿ ಅಲ್ಲೇ ಉಳಿಯುತ್ತದೆ, ಒತ್ತುವುದಿಲ್ಲ.

ಮಣ್ಣು ನೆನೆಹಾಕುವಾಗ ಹೊಸಬರು ಮಾಡುವ ತಪ್ಪೊಂದಿದೆ. ಹೇಗೂ ನೀರಿಗೆ ಹಾಕುವುದಲ್ಲವೇ ಎಂದು ಅರೆಹಸಿ ಹೆಂಟೆಗಳನ್ನೇ ಕುಣಿಗೆ ಸುರಿಯುತ್ತಾರೆ. ಅವು ಎರಡು ದಿನವಾದರೂ ಒಳಗೆ ಗಟ್ಟಿಯಾಗಿಯೇ ಇರುತ್ತವೆ. ಅದೇ ಹೆಂಟೆಯನ್ನು ಅಡಿಕೆ ಗಾತ್ರಕ್ಕೆ ಒಡೆದು, ಬಿಸಿಲಿನಲ್ಲಿ ಕಲ್ಲಾಗುವಂತೆ ಒಣಗಿಸಿ ಹಾಕಿದರೆ ಬುಸ್ ಎಂದು ಗಾಳಿ ಬಿಡುತ್ತಾ ಅರ್ಧ ತಾಸಿಗೆ ತಾನೇ ಅರಳಿ ಕುಸಿಯುತ್ತದೆ. ಕಲಕಿ, ಸೋಸಿ, ಒಂದೆರಡು ದಿನ ತಿಳಿಯಲು ಬಿಟ್ಟು, ಮೇಲಿನ ನೀರು ಬಸಿದು, ಗಟ್ಟಿಯಾದದ್ದನ್ನು ಗೋಣಿಚೀಲದ ಮೇಲೆ ಹರವಿ ಹದಕ್ಕೆ ತರುತ್ತೇವೆ. ಆಮೇಲೆ ಮರಳು ಸೇರಿಸಿ ತುಳಿಯುವುದು. ನೀರಿನ ಹರವಿಗೆ ಐದು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ನಯ ಮರಳು, ಮೇಲೆ ಜರಡಿ ಹಿಡಿದ ಕಟ್ಟಿಗೆ ಹೊಟ್ಟು ಎರಡು ಹಿಡಿ. ಹೊಟ್ಟು ಸುಟ್ಟುಹೋಗಿ ಸೂಕ್ಷ್ಮ ರಂಧ್ರ ಉಳಿಯುತ್ತವೆ, ಅಲ್ಲಿಂದಲೇ ನೀರು ಜಿನುಗಿ ಆರುವುದು. ಅಡುಗೆ ಗಡಿಗೆಗೆ, ರೊಟ್ಟಿ ಹಂಚಿಗೆ ಮೂರಕ್ಕೆ ಒಂದು, ಮರಳೂ ಸ್ವಲ್ಪ ದಪ್ಪ, ಯಾಕೆಂದರೆ ಅದು ಒಲೆಯ ಮೇಲೆ ದಿನಾಲೂ ಬಿಸಿ ತಂಪು ತಿನ್ನುತ್ತದೆ. ಪಣತಿಗೆ ಎಂಟಕ್ಕೆ ಒಂದು ಸಾಕು. ತುಳಿಯುವುದು ನಡುವಿನಿಂದ ಅಂಚಿಗೆ, ಸುರುಳಿಯಾಗಿ, ಹಿಮ್ಮಡಿಯಿಂದ. ಕಾಲಿಗೆ ಹರಳು ತಾಗಿದರೆ ಆಗಲೇ ತೆಗೆಯಬೇಕು. ಮಣ್ಣು ಕಲಸುವ ಮಷೀನು ಬಂದಮೇಲೆ ಕಾಲಿಗೆ ವಿಶ್ರಾಂತಿ ಸಿಕ್ಕಿತು, ಹರಳು ಹಿಡಿಯುವ ಕೆಲಸ ಮಾತ್ರ ಜಾಲರಿಯ ಮೇಲೆಯೇ ಬಿತ್ತು.

ತಿಗರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದನ್ನು ಓದಿ ಕಲಿತವರಿಲ್ಲ. ಕೋಲಿನಿಂದ ತಿರುಗಿಸುವ ಹಳೆ ತಿಗರಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಕರೆಂಟಿನ ತಿಗರಿ ಕೊಳ್ಳುವಾಗ ಎರಡೂ ದಿಕ್ಕಿಗೆ ತಿರುಗುವ ಸ್ವಿಚ್ ಇದೆಯೇ ನೋಡಬೇಕು, ಇಲ್ಲದಿದ್ದರೆ ಹಳೆಯ ಕೈಗಳು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷ ಸಾಲ. ಸಾಲ ತೆಗೆಯುವವರು ಮೊದಲು ಮಣ್ಣು ಕಲಸುವ ಮಷೀನಿಗೆ ಹಾಕಲಿ ಎನ್ನುವುದು ನಮ್ಮ ಅಭಿಪ್ರಾಯ. ತಿಗರಿ ಎಷ್ಟು ಜೋರು ತಿರುಗಿದರೂ ಹದದ ಮಣ್ಣು ಇಲ್ಲದಿದ್ದರೆ ಖಾಲಿ ತಿರುಗುವುದೇ. ಕಲಿಯಲು ಬರುವವರಿಗೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲೇ ಇದೆ.

ಹರವಿ ತಿಗರಿಯ ಮೇಲೆಯೇ ಪೂರ್ತಿ ಆಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಗುವುದಿಲ್ಲ. ತಿಗರಿಯ ಮೇಲೆ ಆಗುವುದು ಬಾಯಿ, ಕೊರಳು, ಹೆಗಲು ಮತ್ತು ದಪ್ಪ ಗೋಡೆ. ತಳ ತೆರೆದೇ ಇರುತ್ತದೆ. ದಾರ ಹಾಕಿ ಕತ್ತರಿಸಿ ನೆರಳಿಗಿಟ್ಟು, ಬೆರಳು ಒತ್ತಿದರೆ ಗುರುತು ಮೂಡಬೇಕು ಆದರೆ ಅಂಟಬಾರದು ಎನ್ನುವ ಹದಕ್ಕೆ ಬಂದಾಗ ಬಡಿಯಲು ಕೂರುವುದು. ಒಳಗೆ ಎಡಗೈಯಲ್ಲಿ ನುಣ್ಣನೆ ಕಲ್ಲುಗುಂಡು, ಹೊರಗೆ ಬಲಗೈಯಲ್ಲಿ ಕಟ್ಟಿಗೆ ಹಲಗೆ. ಗುಂಡಿಗೂ ಹಲಗೆಗೂ ಆಗಾಗ ಬೂದಿ ಮುಟ್ಟಿಸದಿದ್ದರೆ ಮಣ್ಣು ಕಿತ್ತುಕೊಂಡು ಬರುತ್ತದೆ. ಹಲಗೆಯ ಪೆಟ್ಟು ಬೀಳುವ ಕಡೆಯೇ ಒಳಗಿನ ಗುಂಡು ಇರಬೇಕು. ತಪ್ಪಿದರೆ ಅಲ್ಲೊಂದು ತೆಳು ಜಾಗವಾಗಿ, ಆವಿಗೆಯಲ್ಲಿ ಅಲ್ಲೇ ಒಡೆಯುತ್ತದೆ. ಒಂದೇ ಸಲಕ್ಕೆ ತಳ ಮುಚ್ಚಲು ಹೋಗಬಾರದು. ಮೂರು ಸುತ್ತು ಬಡಿಯುತ್ತೇವೆ, ನಡುನಡುವೆ ಅರ್ಧ ದಿನ ಆರಲು ಬಿಟ್ಟು. ಹೀಗೆ ಒಂದೂವರೆ ಸೆಂಟಿಮೀಟರ್ ಇದ್ದ ಗೋಡೆ ಅರ್ಧ ಸೆಂಟಿಮೀಟರಿಗೆ ಇಳಿಯುತ್ತದೆ. ಸರಿಯಾದ ದಪ್ಪಕ್ಕೆ ಬಂದಾಗ ಪೆಟ್ಟಿನ ಸದ್ದು ಬದಲಾಗುತ್ತದೆ. ಪಕ್ಕದ ಕೋಣೆಯಿಂದಲೇ ಹಿರಿಯರು ಕೂಗುವುದುಂಟು, "ಸಾಕ್ ಬಿಡವಾ, ತೆಳ್ಳಗಾತು."

ಕೆಮ್ಮಣ್ಣು ಬಳಿಯುವುದೂ ಇದೇ ಹದದಲ್ಲಿ. ಪೂರ್ತಿ ಒಣಗಿದ ಮೇಲೆ ಬಳಿದರೆ ಸುಟ್ಟಾಗ ಹೆಪ್ಪಳಿಕೆ ಏಳುತ್ತದೆ. ಬಳಿದು ಸ್ವಲ್ಪ ಆರಿದ ಮೇಲೆ ನದಿಯ ನುಣುಪು ಕಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತದೆ. ಆ ಹೊಳಪು 900 ಡಿಗ್ರಿ ದಾಟಿದರೆ ಮಾಸುತ್ತದೆ, ಹೊಸ ಇಟ್ಟಿಗೆ ಒಲೆಗಳಲ್ಲಿ ಸುಡುವವರು ಇದನ್ನು ಗಮನದಲ್ಲಿಡಬೇಕು.

ಒಣಗಿಸುವಾಗ ಒಡೆಯುವ ಗಡಿಗೆಗಳೆಲ್ಲ ಒಂದೇ ಕಾರಣಕ್ಕೆ ಒಡೆಯುತ್ತವೆ. ಒಂದು ಭಾಗ ಕುಗ್ಗುತ್ತಿರುತ್ತದೆ, ಪಕ್ಕದ ಭಾಗ ಇನ್ನೂ ಕುಗ್ಗಿರುವುದಿಲ್ಲ. ಬಾಯಿ ಬೇಗ ಒಣಗುತ್ತದೆ, ತಳ ನಿಧಾನ. ಆದ್ದರಿಂದ ಬಾಯಿಗೆ ಒದ್ದೆ ಗೋಣಿಪಟ್ಟಿ ಸುತ್ತಿ, ಒಂದು ದಿನದ ಮೇಲೆ ಬೋರಲು ಹಾಕುತ್ತೇವೆ. ಬಾಗಿಲ ಗಾಳಿಗೆ ಎದುರಾದ ಸಾಲನ್ನು ದಿನಕ್ಕೊಮ್ಮೆ ತಿರುಗಿಸಬೇಕು. ಸಣ್ಣ ಮಾಲಿನ ತಳದಲ್ಲಿ ಹಾವಿನ ಹಾಗೆ ಬಾಗಿದ ಬಿರುಕು ಕಂಡರೆ ಅದು ಒಣಗಿಸಿದವರ ತಪ್ಪಲ್ಲ, ತಿಗರಿಯ ಮೇಲೆ ತಳವನ್ನು ಒತ್ತದೆ ನೀರು ನಿಲ್ಲಲು ಬಿಟ್ಟವರದು.

ಈಗ ಆವಿಗೆ. ನಮ್ಮದು ಒಳಗೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗುಂಡಗಿನ ಇಟ್ಟಿಗೆ ಗೋಡೆ, ಎರಡು ಬಾಯಿ, ಮೇಲೆ ತೆರೆದದ್ದು. ನಾಲ್ಕು ಮನೆಯವರು ಕೂಡಿ ಸುಡುತ್ತೇವೆ, ಯಾಕೆಂದರೆ ಅರ್ಧ ತುಂಬಿದ ಆವಿಗೆಗೂ ಹೆಚ್ಚುಕಡಿಮೆ ಅಷ್ಟೇ ಕಟ್ಟಿಗೆ ಬೇಕು. ದೊಡ್ಡ ಹರವಿ ಕೆಳಗೆ, ಬಾಯಿ ಕೆಳಗಾಗಿ ಓರೆಯಾಗಿ. ಅದರ ಮೇಲೆ ಗಡಿಗೆ, ಸಂದಿಗಳಲ್ಲಿ ಮುಚ್ಚಳ, ಪಣತಿ. ಯಾವ ಮನೆಯದು ಯಾವುದು ಎಂದು ತಿಳಿಯಲು ಹಸಿಯಿದ್ದಾಗಲೇ ಕೊರಳ ಕೆಳಗೆ ಗುರುತು. ಒಬ್ಬರು ಹೆಬ್ಬೆರಳು ಒತ್ತಿದರೆ, ಇನ್ನೊಬ್ಬರು ಉಗುರಿನ ಎರಡು ಗೀರು. ಕಟ್ಟಿಗೆಯ ಲೆಕ್ಕ ಮಾಲಿನ ಎಣಿಕೆಯಿಂದ ಅಲ್ಲ, ಅದು ಹಿಡಿದ ಜಾಗದಿಂದ. ಒಂದು ಹರವಿಯ ಜಾಗಕ್ಕೆ ನಲವತ್ತು ಪಣತಿ ಎಂದು ಹಿಡಿಯುತ್ತೇವೆ. ಆದರೆ ಒಡಕಿನ ಲೆಕ್ಕ ಜಾಗದಿಂದ ಅಲ್ಲ, ಕಾರಣದಿಂದ. ಬೆಂಕಿಯ ತಪ್ಪಿಗೆ ಒಡೆದದ್ದು ನಾಲ್ಕೂ ಮನೆಗೆ ಸಮ. ಹಸಿ ಮಾಲು ಇಟ್ಟು ಅದು ಸಿಡಿದು ಪಕ್ಕದ್ದನ್ನೂ ಒಡೆದರೆ ಇಟ್ಟವರೇ ಭರಿಸಬೇಕು. ಜಗಳ ಬಾರದೆ ನಡೆಯುತ್ತಿರುವುದು ಈ ಒಂದು ಕರಾರಿನಿಂದ. ಯಾವುದರಿಂದ ಒಡೆಯಿತು ಎಂದು ಒಡೆದ ಚೂರು, ಅಂದರೆ ಬೋಕಿಯೇ ಹೇಳುತ್ತದೆ. ನೀರಿಗೆ ಸಿಡಿದದ್ದು ಹಪ್ಪಳದಂಥ ತೆಳು ಚಕ್ಕೆಗಳಾಗಿ ಚೂರುಚೂರಾಗಿರುತ್ತದೆ. ಬೆಂಕಿಗೆ ಅಥವಾ ತಂಪು ಗಾಳಿಗೆ ಒಡೆದದ್ದು ಒಂದೇ ಉದ್ದ ಸೀಳು.

ಮೇಲೆ ಬೋಕಿ ಮುಚ್ಚಿ, ಭತ್ತದ ಹುಲ್ಲು ಹಾಸಿ, ಸಗಣಿ ಬೆರೆಸಿದ ಮಣ್ಣು ಮೆತ್ತಿ, ಅಲ್ಲಲ್ಲಿ ಹೊಗೆಗಂಡಿ ಬಿಡುತ್ತೇವೆ. ಮಧ್ಯಾಹ್ನ ಮೂರರ ಸುಮಾರಿಗೆ ಬಾಯಲ್ಲಿ ಕುಳ್ಳು ಇಟ್ಟು ಬರೀ ಹೊಗೆ ಕೊಡುವುದು, ಉರಿ ಬೇಡ. ಕೈಗೆ ಒಣಗಿದಂತೆ ಕಂಡ ಗಡಿಗೆಯಲ್ಲೂ ನೀರು ಉಳಿದಿರುತ್ತದೆ. ಅದು ಹಬೆಯಾಗಿ ಹೊರಬರಲು ಸಮಯ ಸಿಗದಿದ್ದರೆ ಗೋಡೆಯನ್ನೇ ಒಡೆದುಕೊಂಡು ಬರುತ್ತದೆ. ಎಷ್ಟು ಹೊತ್ತು ಹೊಗೆ ಕೊಡಬೇಕು ಎನ್ನುವುದಕ್ಕೆ ಗಡಿಯಾರ ನೋಡಬೇಕಿಲ್ಲ. ಅಡುಗೆಮನೆಯ ಸ್ಟೀಲ್ ತಟ್ಟೆಯನ್ನು ಹೊಗೆಗಂಡಿಯ ಮೇಲೆ ಒಂದು ಗಳಿಗೆ ಹಿಡಿದು ತೆಗೆಯಬೇಕು. ತಟ್ಟೆಯ ಮೇಲೆ ಹನಿ ಕಟ್ಟಿದರೆ ಇನ್ನೂ ಹೊಗೆ. ಮಸಿ ಮಾತ್ರ ಹತ್ತಿ ತಟ್ಟೆ ಒಣಗಿದ್ದರೆ ಕಟ್ಟಿಗೆ ಹಾಕಬಹುದು. ನವರಾತ್ರಿ ಹೊತ್ತಿನಲ್ಲಿ ಇದು ಐದು ತಾಸು ಹಿಡಿಯುತ್ತದೆ, ಏಪ್ರಿಲ್‌ನಲ್ಲಿ ಮೂರೇ ತಾಸು.

ಪೂರ್ಣ ಉರಿ ಕತ್ತಲಾದ ಮೇಲೆ. ಮುಹೂರ್ತದ ಮಾತಲ್ಲ ಇದು, ಬಣ್ಣ ಕಾಣಬೇಕಲ್ಲ ಅದಕ್ಕೆ. ಸಂದಿಯಿಂದ ಇಣುಕಿದಾಗ ಗಡಿಗೆಗಳು ಮಂದ ಕೆಂಪಾಗಿದ್ದರೆ 700 ಡಿಗ್ರಿಯ ಸುಮಾರು. ಹೊಳೆಯುವ ಕೆಂಪಿಗೆ ಬಂದರೆ 800 ದಾಟಿದೆ. ಆ ಬಣ್ಣ ಮೇಲಿನ ಸಾಲಿಗೂ ಬಂದ ಮೇಲೆ ಅರ್ಧ ತಾಸು ಹಾಗೇ ಹಿಡಿದು ನಿಲ್ಲಿಸುತ್ತೇವೆ. ಹಗಲಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಒಟ್ಟು ಕಟ್ಟಿಗೆ, ಒಂದು ಕೆಜಿ ಮಾಲಿಗೆ ಹತ್ತಿರತ್ತಿರ ಒಂದು ಕೆಜಿ. ಕಪ್ಪು ಗಡಿಗೆ ಬೇಕಾದರೆ ಕೊನೆಯಲ್ಲಿ ಹಸಿ ಸೊಪ್ಪು, ಹೊಟ್ಟು ತುರುಕಿ ಎಲ್ಲ ಬಾಯಿ, ಗಂಡಿ ಮೆತ್ತಿಬಿಡಬೇಕು. ಒಂದು ಬೆರಳಗಲ ಬಿರುಕು ಉಳಿದರೂ ಅಲ್ಲಿ ಕೆಂಪು ಮಚ್ಚೆ.

ಆಮೇಲೆ ಕಷ್ಟದ ಕೆಲಸ ಸುಮ್ಮನಿರುವುದು. ತಂಪಾಗುತ್ತಾ 573 ಡಿಗ್ರಿ ದಾಟುವಾಗ ಮರಳಿನ ಹರಳು ಒಮ್ಮೆಲೇ ಕುಗ್ಗುತ್ತದೆ. ಆ ಹೊತ್ತಿಗೆ ತಂಪು ಗಾಳಿ ನುಗ್ಗಿದರೆ 'ಟಣ್' ಎಂದು ಸೀಳುವ ಸದ್ದು ಅಂಗಳಕ್ಕೆ ಕೇಳುತ್ತದೆ. ನಾವು ಇಪ್ಪತ್ತು ತಾಸು ಮುಟ್ಟುವುದಿಲ್ಲ. ದೀಪಾವಳಿ ಮುಂದೆ ವ್ಯಾಪಾರಿಗಳು ಟೆಂಪೋ ತಂದು ನಿಲ್ಲಿಸಿದರೂ ಅಷ್ಟೇ. ತೆಗೆದ ಮೇಲೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಕಂಚಿನ ಸದ್ದು ಬಂದದ್ದು ಮಾರಲು, 'ಬದ್' ಎಂದದ್ದು ಗಿಡ ನೆಡಲು.

ಮಾರುವಾಗ ಎರಡು ಮಾತು ತಪ್ಪದೆ ಹೇಳುತ್ತೇವೆ. ಪಣತಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮೇಲ್ಮೈ ಆರಿದ ಮೇಲೆ ಹಚ್ಚಿ, ಎಣ್ಣೆ ಕಡಿಮೆ ಕುಡಿಯುತ್ತದೆ. ಹರವಿಯನ್ನು ಸೋಪು ಹಚ್ಚಿ ತೊಳೆಯಬೇಡಿ, ವಾಸನೆ ಹೋಗುವುದಿಲ್ಲ, ತೆಂಗಿನ ನಾರು ಸಾಕು. ವಿಜಯಪುರದ ಬಿಸಿಲಿಗೆ ಹರವಿ ಎಷ್ಟು ತಣ್ಣಗೆ ಮಾಡುತ್ತದೋ ಖಾನಾಪುರದ ಜುಲೈನಲ್ಲಿ ಅಷ್ಟು ಮಾಡುವುದಿಲ್ಲ. ಗಾಳಿಯಲ್ಲೇ ತೇವ ತುಂಬಿದ್ದರೆ ಹರವಿಯ ನೀರು ಆರುವುದೆಲ್ಲಿಗೆ? ಇನ್ನು ಬೋರ್‌ವೆಲ್ ನೀರು ತುಂಬುವವರ ಹರವಿ ಎರಡನೇ ಬೇಸಿಗೆಗೆ ತಣ್ಣಗೆ ಮಾಡುವುದನ್ನೇ ಬಿಡುತ್ತದೆ, ಮೈಮೇಲೆ ಬಿಳಿ ಉಪ್ಪು ಕಟ್ಟಿ ರಂಧ್ರ ಮುಚ್ಚಿರುತ್ತದೆ. ಹೊರಮೈ ತಿಕ್ಕಿ ತೊಳೆದರೆ ಸ್ವಲ್ಪ ದಿನ ಸುಧಾರಿಸುತ್ತದೆ, ಅಷ್ಟೇ. ಹಳೆಯ ಕಾಲದಲ್ಲಿ ವರ್ಷಕ್ಕೊಮ್ಮೆ ಹರವಿ ಬದಲಿಸುತ್ತಿದ್ದುದು ಕುಂಬಾರರ ಹೊಟ್ಟೆಪಾಡಿಗಷ್ಟೇ ಅಲ್ಲ.

ಇನ್ನು ಹಸಿಮಣ್ಣಿನ ಕುಣಿ. ಇದಕ್ಕೆ ಮಣ್ಣು ಕೆರೆಯಿಂದ ಬರುವುದಕ್ಕಿಂತ ಊರಿನಿಂದ ಬರುವುದೇ ಹೆಚ್ಚು.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ವಾರ ಶಾಲೆಗಳಿಗೆ ಹೋಗುತ್ತೇವೆ. ಒಂದು ಮಗುವಿಗೆ ಒಂದು ಜೋಡಿ ಎತ್ತು, ಒಂದು ಗ್ವಾದಲಿ (ಮೇವು ಹಾಕುವ ತೊಟ್ಟಿ) ಮಾಡಲು 700 ಗ್ರಾಂ ಮಣ್ಣು ಬೇಕು. ನಲವತ್ತು ಮಕ್ಕಳಿಗೆ 28 ಕೆಜಿ, ಬೀಳಿಸುವವರಿಗೆಂದು ಇನ್ನೆರಡು. ಮೊದಲೇ ಉಂಡೆ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯದಿದ್ದರೆ ಹಂಚುವುದರಲ್ಲೇ ಅರ್ಧ ತಾಸು ಹೋಗುತ್ತದೆ. ಮಕ್ಕಳು ಮಾಡುವ ಎತ್ತಿಗೆ ಕಾಲೇ ಶತ್ರು. ನಾಲ್ಕು ಕಡ್ಡಿಯಂಥ ಕಾಲು ಮಾಡಿ ಅಂಟಿಸುತ್ತಾರೆ, ಮನೆ ಮುಟ್ಟುವುದರೊಳಗೆ ಎತ್ತು ಕೂತುಬಿಟ್ಟಿರುತ್ತದೆ. ನಾವು ಹೇಳಿಕೊಡುವುದು ಬದನೆಕಾಯಿ ಆಕಾರದ ಉಂಡೆಯನ್ನೇ ಕೆಳಗಿನಿಂದ ನಾಲ್ಕು ಕಡೆ ಹಿಸುಕಿ ಗಿಡ್ಡ ದಪ್ಪ ಕಾಲು ಎಳೆಯುವುದು. ಬೆನ್ನ ಮೇಲಿನ ಹಿಣಿಲು ಕೂಡ ಚಿವುಟಿ ಎಬ್ಬಿಸಬೇಕು, ಅಂಟಿಸಬಾರದು. ಕೊಂಬು ಮಾತ್ರ ಬೇರೆ ಮಾಡಿ, ಎರಡೂ ಕಡೆ ಕಡ್ಡಿಯಿಂದ ಗೀರಿ, ಗಂಜಿಯಂಥ ಮಣ್ಣು ಹಚ್ಚಿ ಒತ್ತುವುದು. ಬರೀ ನೀರು ಹಚ್ಚಿ ಅಂಟಿಸಿದ ಕೊಂಬು ಒಣಗಿದ ಕೂಡಲೇ ಉದುರುತ್ತದೆ. ಕಣ್ಣಿಗೆ ಗುಲಗಂಜಿ ಒತ್ತುವುದು ರೂಢಿ, ಆದರೆ ಅದು ವಿಷದ ಬೀಜ, ಶಾಲೆಯಲ್ಲಿ ನಾವು ಜೋಳದ ಕಾಳು ಕೊಡುತ್ತೇವೆ. ಮುಗಿದ ಮೇಲೆ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಒಣ ಮಣ್ಣು ಗುಡಿಸಿದರೆ ಏಳುವ ಧೂಳು ಪುಪ್ಪುಸಕ್ಕೆ ಕೆಟ್ಟದ್ದು, ನಮ್ಮ ಅಂಗಳದಲ್ಲೂ ಅದೇ ನಿಯಮ.

ಗಣಪ್ಪನ ಕೆಲಸ ಅಮಾವಾಸ್ಯೆ ಮುಗಿದ ಕೂಡಲೇ. ಒಂಬತ್ತು ಇಂಚಿನ ಮೂರ್ತಿಯನ್ನು ಗಟ್ಟಿಯಾಗಿ ತುಂಬಿ ಮಾಡಿದರೆ ಹೊರಗೆ ಒಣಗಿ ಒಳಗೆ ಹಸಿಯಾಗಿ, ಬೆನ್ನು ಬಿರಿಯುತ್ತದೆ. ಅಚ್ಚಿನಲ್ಲಿ ಒಂದಿಂಚು ದಪ್ಪ ಒತ್ತಿ, ಒಳಗೆ ಟೊಳ್ಳು ಬಿಟ್ಟು, ಪೀಠದಡಿ ರೂಪಾಯಿಯಷ್ಟು ತೂತು ಇಡಬೇಕು. ಸೊಂಡಿಲು ಮತ್ತು ಕೈಗಳ ಮಣ್ಣಿಗೆ ಸಣ್ಣಗೆ ಕತ್ತರಿಸಿದ ತೆಂಗಿನ ನಾರು ಸೇರಿಸುತ್ತೇವೆ. ಗಲ್ಲಿಯ ಹತ್ತಡಿ ಗಣಪ್ಪ ಬೇಕೆಂದು ಬರುವವರಿಗೆ ಆಗುವುದಿಲ್ಲ ಎನ್ನುತ್ತೇವೆ, ಹುಲ್ಲಿನ ಚೌಕಟ್ಟು ಕಟ್ಟದೆ ಅಷ್ಟು ಹಸಿಮಣ್ಣು ತನ್ನ ಭಾರಕ್ಕೇ ಕುಸಿಯುತ್ತದೆ.

ಮೂರ್ತಿ ಕೊಡುವಾಗಲೇ ಮಣ್ಣು ಮರಳಿ ಕೊಡಲು ಕೇಳುತ್ತೇವೆ. ಮನೆಯ ಬಕೆಟ್‌ನಲ್ಲಿ ಮುಳುಗಿಸಿ, ಮೊದಲು ಹೂವು, ದಾರ, ಗೆಜ್ಜೆವಸ್ತ್ರ ತೆಗೆದಿಡಿ, ಕರಗಿದ ರಾಡಿ ಮೂರು ದಿನದ ಮೇಲೆ ತಂದುಕೊಡಿ ಎಂದು. ಬಣ್ಣ ಹಚ್ಚದ, ಇಲ್ಲವೆ ಅರಿಶಿನ, ಕೆಮ್ಮಣ್ಣು ಮಾತ್ರ ಹಚ್ಚಿದ ಮೂರ್ತಿಯಾದರೆ ಒಳ್ಳೆಯದು. ಬಂದ ರಾಡಿಯನ್ನು ಹಳೆಯ ಸೀರೆಯಲ್ಲಿ ಸೋಸಿ ಕುಣಿಗೆ ಬಿಡುತ್ತೇವೆ. ಹದಿನೈದು ದಿನಕ್ಕೆ ಅದು ಕಪ್ಪಾಗಿ ನಾರುತ್ತದೆ, ಗಾಬರಿಯಾಗಬೇಕಿಲ್ಲ, ಕೊಳೆತ ಮಣ್ಣು ಇನ್ನಷ್ಟು ಜಿಗುಟಾಗುತ್ತದೆ. ಚಳಿಗಾಲವಿಡೀ ಅಲ್ಲೇ ಇದ್ದು, ಬೇಸಿಗೆಯಲ್ಲಿ ಒಣಗಿ, ಜೂನ್‌ನಲ್ಲಿ ಮತ್ತೆ ನೆನೆದು ಎತ್ತಾಗಿ ಶಾಲೆಗೆ ಹೋಗುತ್ತದೆ.

ಈ ಮಣ್ಣನ್ನು ಸುಡುವ ಮಾಲಿಗೆ ಯಾಕೆ ಬಳಸುವುದಿಲ್ಲ ಎಂದರೆ, ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ಪಿಒಪಿ ಮೂರ್ತಿ ನಿಷೇಧಿಸಿದ್ದರೂ, ಮಣ್ಣಿನದೇ ಎಂದು ನಂಬಿ ತಂದ ಮೂರ್ತಿಯ ತುಣುಕು, ಒಡೆದು ಪಿಒಪಿ ಮೆತ್ತಿದ ಕಿರೀಟ, ಇಂಥವು ಬಕೆಟ್‌ನಲ್ಲಿ ಬಂದೇ ಬರುತ್ತವೆ. ನೀರಿನಲ್ಲಿ ರಾತ್ರಿಯಿಡೀ ಇದ್ದರೂ ಕರಗದೆ ಅಂಚು ಚೂಪಾಗಿಯೇ ಉಳಿದ ಬಿಳಿ ತುಂಡು ಸಿಕ್ಕರೆ ಅದೇ. ಅದರ ಒಂದು ಚೂರು ಗಡಿಗೆಯ ಗೋಡೆಯಲ್ಲಿ ಸೇರಿದರೂ ಸುಣ್ಣದ ಹರಳಿನ ಹಾಗೆಯೇ ಸುಟ್ಟಮೇಲೆ ಚಕ್ಕೆ ಎಬ್ಬಿಸುತ್ತದೆ. ಎತ್ತಿಗೆ, ನಾಗಪ್ಪನಿಗೆ ಆ ಭಯವಿಲ್ಲ, ಅವು ಬೆಂಕಿ ನೋಡುವುದಿಲ್ಲ.

ಹಾಗಾಗಿ ಎರಡು ಕುಣಿಗಳ ನಡುವೆ ಕನಿಷ್ಠ ಇಪ್ಪತ್ತು ಹೆಜ್ಜೆ ಬಿಟ್ಟಿದ್ದೇವೆ. ಜಾಲರಿ ಬೇರೆ, ಬಕೆಟ್ ಬೇರೆ, ಗೋಣಿಚೀಲ ಬೇರೆ. ಹಸಿಮಣ್ಣಿನ ಕುಣಿಯ ಸಲಿಕೆಯ ಹಿಡಿಕೆಗೆ ಅರಿಶಿನ ಬಟ್ಟೆ ಕಟ್ಟಿದೆ. ಆ ಸಲಿಕೆಯನ್ನು ಆವಿಗೆಯ ಕಡೆ ತಂದವರು ಅಂದಿನ ಮಣ್ಣನ್ನೆಲ್ಲ ಒಬ್ಬರೇ ಕೂತು ಮತ್ತೆ ಸೋಸಬೇಕು.